ಕರ್ಪೂರದ ದ್ವೀಪದಲ್ಲಿ ಅಯ್ಯಾವೊಳೆಯ ಐನೂರ್ವರು

ದೇವರ ಮುಂದೆ ಕರ್ಪೂರ ಬೆಳಗದ ಮನೆ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ವಿರಳ. ಗೋಕಾಕದ ಹೆಸರನ್ನು ನಾಡಿನಾಚೆಗೂ ಒಯ್ದ ಕರದಂಟಿಗೆ ಬೆಲ್ಲ, ಕೊಬ್ಬರಿ, ಅಂಟುಗಳ ಜೊತೆಗೆ ಜಾಜಿಕಾಯಿಯ ಪುಡಿ ಬಿದ್ದಾಗಲೇ ಅದಕ್ಕೆ ತಕ್ಕ ಪರಿಮಳ. ಹಬ್ಬ ಹುಣ್ಣಿಮೆಗಳ ಊಟದ ನಂತರ ಹಿರಿಯರ ಮುಂದಿಡುವ ತಾಂಬೂಲದ ತಟ್ಟೆಯಲ್ಲಿ ಲವಂಗವಿರುತ್ತದೆ. ಸಂಜೆಯ ಹೊತ್ತು ಮನೆಗೆ ಲೋಬಾನದ ಹೊಗೆ ಹಾಕುವ ವಾಡಿಕೆಯೂ ಉಂಟು. ಈ ನಾಲ್ಕು ಪದಾರ್ಥಗಳಲ್ಲಿ ಒಂದಾದರೂ ಘಟಪ್ರಭೆಯ ದಂಡೆಯ ಕಪ್ಪುಮಣ್ಣಿನಲ್ಲಿ ಬೆಳೆದುದಲ್ಲ. ಇವೆಲ್ಲವೂ ಒಂದು ಕಾಲಕ್ಕೆ ಕಡಲಾಚೆಯ ಉಷ್ಣವಲಯದ ದ್ವೀಪಗಳಿಂದ ಬಂದವು. ಲವಂಗವು ಮಲುಕು ದ್ವೀಪಗಳದು. ಜಾಜಿಕಾಯಿ ಅವುಗಳ ದಕ್ಷಿಣಕ್ಕಿರುವ ಬಾಂದಾ ಎಂಬ ಪುಟ್ಟ ದ್ವೀಪಗಳದು. ಕರ್ಪೂರ ಮತ್ತು ಒಂದು ಬಗೆಯ ಲೋಬಾನ ಸುಮಾತ್ರದವು.

ಸಮುದ್ರವನ್ನು ಕಾಣಬೇಕಾದರೆ ನಮ್ಮ ಸೀಮೆಯವರು ಸಹ್ಯಾದ್ರಿಯ ಘಟ್ಟಗಳನ್ನು ಇಳಿಯಲೇಬೇಕು. ಹಾಗಿದ್ದರೂ ದ್ವೀಪಾಂತರದ ಈ ಪದಾರ್ಥಗಳು ನಮ್ಮ ದೇವರ ಕೋಣೆಯನ್ನೂ ಅಡುಗೆಮನೆಯನ್ನೂ ಹೊಕ್ಕು ಶತಮಾನಗಳೇ ಸಂದಿವೆ. ಇವನ್ನು ತಂದವರು ಯಾರು? ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಪರದ್ವೀಪದಲ್ಲಿ ಅವರು ಹೇಗೆ ಬಾಳಿದರು? ಅಲ್ಲಿ ಏನನ್ನು ಕಂಡರು, ಏನನ್ನು ಬಿಟ್ಟುಬಂದರು? ಉದ್ಯೋಗ ವ್ಯಾಪಾರಗಳಿಗಾಗಿ ನಮ್ಮ ಮನೆಗಳ ಯುವಕ ಯುವತಿಯರು ಸಿಂಗಪುರ, ಮಲೇಶಿಯಾ, ಇಂಡೋನೇಶಿಯಾಗಳಿಗೆ ಹೋಗಿ ತಿಂಗಳುಗಟ್ಟಲೆ ನಿಲ್ಲುವ ಈ ದಿನಗಳಲ್ಲಿ ಈ ಪ್ರಶ್ನೆಗಳನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಐನೂರ್ವರೆಂದರೆ ಯಾರು?

ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ಅಲ್ಲಿಯ ದೇವಾಲಯಗಳಿಗಾಗಿ ಎಲ್ಲರೂ ಬಲ್ಲರು. ಮಲಪ್ರಭೆಯ ದಂಡೆಯ ಆ ಊರಿನ ಹಳೆಯ ಹೆಸರು ಅಯ್ಯಾವೊಳೆ. ಮಧ್ಯಯುಗದ ದಕ್ಷಿಣ ಭಾರತದ ಅತಿ ದೊಡ್ಡ ವರ್ತಕ ಸಂಘವು ಈ ಊರಿನ ಹೆಸರನ್ನೇ ಧರಿಸಿ 'ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳು' ಎಂದು ಪ್ರಸಿದ್ಧವಾಯಿತು. ಎಂಟನೆಯ ಶತಮಾನದ ವೇಳೆಗೆ ಐಹೊಳೆಯ ಶಾಸನಗಳಲ್ಲಿ ಐನೂರ್ವರ ಉಲ್ಲೇಖ ತೊಡಗುತ್ತದೆ. ಹನ್ನೊಂದು, ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಈ ಸಂಘದ ಹೆಸರು ಕರ್ನಾಟಕ, ಆಂಧ್ರ, ತಮಿಳುನಾಡು, ಕೇರಳಗಳಲ್ಲೆಲ್ಲ ಕೇಳಿಬರುತ್ತದೆ.

ಇದು ಒಂದೇ ಊರಿನ, ಒಂದೇ ಕುಲದ, ಒಂದೇ ಮತದ ಸಂಘವಾಗಿರಲಿಲ್ಲ. ಸೆಟ್ಟಿಗಳು, ಗವರೆಗಳು, ಗಾತ್ರಿಗರು, ಸ್ವದೇಶಿ ಪರದೇಶಿಗಳಾದ ನಾನಾದೇಶಿ ವರ್ತಕರು ಇದರಲ್ಲಿ ಕೂಡಿದ್ದರು. ಸರಕಿನ ಕಾವಲಿಗೆ ಆಯುಧಧಾರಿಗಳಿದ್ದರು. ಶಿವಾಲಯ, ಬಸದಿ, ವಿಷ್ಣುಗೃಹಗಳಿಗೆ ಸಮಾನವಾಗಿ ದತ್ತಿ ಬಿಟ್ಟ ದಾಖಲೆಗಳಿವೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಹನ್ನೊಂದನೆಯ ಶತಮಾನದ ಶಾಸನವೊಂದು ಈ ವರ್ತಕರ ದೀರ್ಘವಾದ ಪ್ರಶಸ್ತಿಯನ್ನು ಒಳಗೊಂಡಿದೆ. ನೆಲದ ಹಾದಿಯಿಂದಲೂ ಜಲದ ಹಾದಿಯಿಂದಲೂ ದೇಶಾಂತರಗಳನ್ನು ಹೊಕ್ಕವರೆಂದು ಅದು ಅವರನ್ನು ಬಣ್ಣಿಸುತ್ತದೆ. ಅವರು ವ್ಯವಹರಿಸಿದ ಸರಕುಗಳಲ್ಲಿ ಆನೆ, ಕುದುರೆ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕೇಸರಿಗಳನ್ನು ಎಣಿಸುತ್ತದೆ. ಅವರಲ್ಲಿ ಸಗಟು ಮಾರುವವರೂ ಇದ್ದರು, ಹೆಗಲ ಮೇಲೆ ಹೊತ್ತು ಮಾರುವವರೂ ಇದ್ದರು.

ಇವರು ತಮ್ಮ ನಡಾವಳಿಗೆ ಇಟ್ಟುಕೊಂಡ ಹೆಸರು 'ವೀರಬಣಂಜುಧರ್ಮ'. ನಮ್ಮ ಸಮಾಜದಲ್ಲಿ ಇಂದಿಗೂ ಉಳಿದಿರುವ ಬಣಜಿಗ ಎಂಬ ಹೆಸರಿನಲ್ಲಿ ಆ ಮಾತಿನ ಧ್ವನಿಯಿದೆ. ಇಂದಿನ ಮನೆತನಗಳೆಲ್ಲ ಅಂದಿನ ಐನೂರ್ವರ ನೇರ ಸಂತತಿಯೆಂದು ಹೇಳಿಬಿಡುವುದು ಶಾಸ್ತ್ರಸಮ್ಮತವಾಗಲಾರದು. ಆದರೆ ವ್ಯಾಪಾರಕ್ಕೂ ಒಂದು ಧರ್ಮವುಂಟು, ಅದನ್ನು ಮೀರಿದವನು ಸಂಘದಿಂದ ಹೊರಗು ಎಂಬ ತಿಳಿವಳಿಕೆಯು ಆ ಹೆಸರಿನೊಳಗೇ ಅಡಗಿದೆ ಎಂಬುದನ್ನು ಮರೆಯಬಾರದು.

ಘಟಪ್ರಭೆಯ ಸೀಮೆಯ ಕಲ್ಲುಗಳು

ಆ ಕಾಲದಲ್ಲಿ ನಮ್ಮ ಸೀಮೆ ಕೂಂಡಿ ಮೂರುಸಾವಿರ ನಾಡಿನಲ್ಲಿ ಸೇರಿತ್ತು. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾದ ರಟ್ಟರು ಮೊದಲು ಸವದತ್ತಿಯಿಂದಲೂ ಮುಂದೆ ವೇಣುಗ್ರಾಮವೆಂಬ ಬೆಳಗಾವಿಯಿಂದಲೂ ಇದನ್ನು ಆಳುತ್ತಿದ್ದರು. ಗೋಕಾಕ ಜಲಪಾತಕ್ಕೆ ಸಮೀಪದ ಕೊಣ್ಣೂರಿನಲ್ಲಿ ೧೦೮೭ರ ದತ್ತಿಯನ್ನು ಹೇಳುವ ಶಾಸನವಿದೆ; ಅದು ಅಲ್ಲಿಯ ಜಿನಾಲಯಕ್ಕೆ ಸಂಬಂಧಿಸಿದ್ದು. ಹಿಂದೆ ಗೋಕಾಕ ತಾಲ್ಲೂಕಿನಲ್ಲಿದ್ದು ಇಂದು ಮೂಡಲಗಿ ತಾಲ್ಲೂಕಿಗೆ ಸೇರಿರುವ ಕಲ್ಲೋಳಿಯಲ್ಲಿ ೧೨೦೪ರ ಶಾಸನವಿದೆ. ಅದು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು. ಶಾಂತಿನಾಥ ಬಸದಿಗೆ ಬಿಟ್ಟ ದತ್ತಿಯನ್ನು ಅದು ಹೇಳುತ್ತದೆ. ಮೂಡಲಗಿಯಿಂದ ಬಹು ದೂರವಲ್ಲದ ತೇರದಾಳದ ಹನ್ನೆರಡನೆಯ ಶತಮಾನದ ಶಾಸನದಲ್ಲಿ ಅಯ್ಯಾವೊಳೆಯ ವರ್ತಕರ ಪ್ರಶಸ್ತಿಯೇ ಕಾಣಸಿಗುತ್ತದೆ.

ಇವುಗಳಿಗಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು ಬೆಳಗಾವಿಯ ೧೨೦೪ರ ಶಾಸನ. ರಟ್ಟ ಜಿನಾಲಯಕ್ಕೆ ದತ್ತಿ ಬಿಡಲು ಊರಿನ ವರ್ತಕರು ಸಭೆ ಸೇರಿದಾಗ ಅವರೊಡನೆ ಲಾಳ ದೇಶದ, ಅಂದರೆ ಗುಜರಾತದ ವ್ಯಾಪಾರಿಗಳೂ ಮಲೆಯಾಳದ ವ್ಯಾಪಾರಿಗಳೂ ಕುಳಿತಿದ್ದರೆಂದು ಅದು ತಿಳಿಸುತ್ತದೆ. ಆ ಕಲ್ಲು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಎಂಟುನೂರು ವರ್ಷಗಳ ಹಿಂದೆ ಬೆಳಗಾವಿಯ ಪೇಟೆಯಲ್ಲಿ ಎರಡು ಕಡಲತೀರಗಳ ವರ್ತಕರು ಕಲೆಯುತ್ತಿದ್ದರೆಂದ ಮೇಲೆ, ಒಳನಾಡಿನವರಿಗೆ ಕಡಲ ಸಂಪರ್ಕವಿರಲಿಲ್ಲವೆಂಬ ಮಾತಿಗೆ ಆಧಾರವೆಲ್ಲಿ?

ಬೆಳಗಾವಿಯಿಂದ ಪಶ್ಚಿಮಕ್ಕೆ ಘಟ್ಟವಿಳಿದರೆ ಗೋವೆಯ ಕದಂಬರ ಬಂದರುಗಳು. ಅಲ್ಲಿಗೆ ಅರಬ್ಬರ ಹಡಗುಗಳು ಬರುತ್ತಿದ್ದವು. ಹುಕ್ಕೇರಿ, ಸಂಕೇಶ್ವರಗಳ ಸೀಮೆಯು ಬೆಳಗಾವಿಯನ್ನು ಕೊಲ್ಲಾಪುರಕ್ಕೆ ಕೂಡಿಸುವ ಹಾದಿಯ ಮೇಲಿದೆ. ಪುಣೆ ಬೆಂಗಳೂರು ಹೆದ್ದಾರಿಯೂ ಇಂದು ಸಂಕೇಶ್ವರದ ಮೇಲೆಯೇ ಹಾದುಹೋಗುತ್ತದೆ. ಸಂಕೇಶ್ವರದ ಪೇಟೆಗೆ ಹೆಸರು ತಂದ ಮೆಣಸಿನಕಾಯಿಯಾದರೂ ಈ ನೆಲದ ಮೂಲದ್ದಲ್ಲ. ಅದು ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗುಗಳ ಮೂಲಕ ಅಮೆರಿಕಾ ಖಂಡದಿಂದ ಬಂದ ಅತಿಥಿ. ಹಾದಿಯೊಂದು ತೆರೆದಿದ್ದರೆ ಸರಕು ಮನೆಯ ಬಾಗಿಲಿಗೆ ಬರುತ್ತದೆ. ಅದು ಎಲ್ಲಿಂದ ಬಂತೆಂಬುದನ್ನು ಮನೆಯವರು ಕ್ರಮೇಣ ಮರೆಯುತ್ತಾರೆ.

ಬಾರೂಸಿನಲ್ಲಿ ಸಿಕ್ಕ ಶಾಸನ

ಸುಮಾತ್ರ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಬಾರೂಸ್ ಎಂಬ ಸಣ್ಣ ಊರಿದೆ. ಮಲಯ ಭಾಷೆಯಲ್ಲಿ ಕರ್ಪೂರಕ್ಕೆ 'ಕಾಪುರ್ ಬಾರುಸ್' ಎಂದೇ ಹೆಸರು. ಈ ಊರಿನ ಬಳಿಯ ಲೋಬು ತುವಾ ಎಂಬಲ್ಲಿ ೧೮೭೩ರಲ್ಲಿ ತಮಿಳು ಶಾಸನವೊಂದು ಪತ್ತೆಯಾಯಿತು. ಅದರ ಕಾಲ ಶಕವರ್ಷ ೧೦೧೦ರ ಮಾಸಿ ತಿಂಗಳು; ಎಂದರೆ ಕ್ರಿ. ಶ. ೧೦೮೮ರ ಫೆಬ್ರುವರಿ, ಮಾರ್ಚ್ ವೇಳೆ. ಅದನ್ನು ನಿಲ್ಲಿಸಿದವರು ಸಾವಿರ ದಿಕ್ಕುಗಳ ಐನೂರ್ವರು. ನಮ್ಮ ಕೊಣ್ಣೂರಿನ ದತ್ತಿಗೂ ಈ ಶಾಸನಕ್ಕೂ ಇರುವ ಅಂತರ ಒಂದೇ ಸಂವತ್ಸರ. ಕಲ್ಯಾಣದಲ್ಲಿ ಆಗ ಆರನೆಯ ವಿಕ್ರಮಾದಿತ್ಯನ ಆಳ್ವಿಕೆ.

ಶಾಸನದ ಭಾಷೆ ತಮಿಳಾಗಿರುವುದೇಕೆಂದು ಓದುಗರು ಕೇಳಬಹುದು. ಪೂರ್ವಸಮುದ್ರದ ಹಡಗುಗಳು ಹೊರಡುತ್ತಿದ್ದುದು ಹೆಚ್ಚಾಗಿ ನಾಗಪಟ್ಟಣವೇ ಮೊದಲಾದ ತಮಿಳು ಬಂದರುಗಳಿಂದ. ಆ ದಿಕ್ಕಿಗೆ ನಡೆದ ಐನೂರ್ವರಲ್ಲಿ ತಮಿಳರು ಮುಂದಾಳುಗಳಾಗಿದ್ದರು. ಕನ್ನಡ ನೆಲದಲ್ಲಿ ಹುಟ್ಟಿದ ಸಂಘದ ಹೆಸರನ್ನು ಧರಿಸಿಕೊಂಡು ತಮಿಳು ನುಡಿಯ ವರ್ತಕರು ಮಲಯ ನೆಲದಲ್ಲಿ ಕಲ್ಲು ನಿಲ್ಲಿಸಿದರೆಂಬುದೇ ಆ ಸಂಘದ ವ್ಯಾಪ್ತಿಗೆ ಸಾಕ್ಷಿ. ಇದರಲ್ಲಿ ನಮ್ಮದು, ಅವರದು ಎಂಬ ಕಲಹಕ್ಕೆ ಎಡೆಯಿಲ್ಲ.

ಶಾಸನದ ವಿಷಯ ಸರಳವಾದುದು. ಬಾರೂಸಿನ ಬಂದರು ಪಟ್ಟಣದಲ್ಲಿ ಐನೂರ್ವರು ಸಭೆ ಸೇರಿದರು. ಬರುವ ಹಡಗಿನ ಒಡೆಯನೂ ಅವನ ಜೊತೆಯವರೂ ಒಳಗೆ ಕಾಲಿಡುವ ಮೊದಲು ಕಸ್ತೂರಿಯ ಬೆಲೆಗೆ ಅನುಸಾರವಾಗಿ ಇಷ್ಟು ಬಂಗಾರವನ್ನು ತೆರಬೇಕೆಂದು ಕಟ್ಟುಮಾಡಿದರು. ಅದನ್ನು ಕಲ್ಲಿನಲ್ಲಿ ಬರೆಯಿಸಿ ನಿಲ್ಲಿಸಿದರು. ಕೊನೆಯಲ್ಲಿ, ದಯೆಯನ್ನು ಮರೆಯಬಾರದು, ಅದೇ ಒಳ್ಳೆಯ ಸಂಗಾತಿ ಎಂಬರ್ಥದ ಬುದ್ಧಿಮಾತನ್ನು ಸೇರಿಸಿದರು. ಸುಂಕದ ಲೆಕ್ಕವನ್ನು ಹೇಳುವ ಕಲ್ಲಿನಲ್ಲಿ ದಯೆಗೇನು ಕೆಲಸ ಎಂದು ತೋರಬಹುದು. ತನ್ನವರೆಂಬವರು ಯಾರೂ ಇಲ್ಲದ ನೆಲದಲ್ಲಿ ವ್ಯವಹಾರ ಮಾಡಿದವರಿಗೆ ಆ ಮಾತಿನ ಬೆಲೆ ತಿಳಿಯುತ್ತದೆ. ಅಲ್ಲಿ ಅರಸನ ಕೋಟೆಯಾಗಲಿ, ಬಂಧುಗಳ ಬೆಂಬಲವಾಗಲಿ ಇರುವುದಿಲ್ಲ. ಇರುವುದು ಮನುಷ್ಯ ಮನುಷ್ಯನ ಮೇಲಿಟ್ಟ ನಂಬಿಕೆಯೊಂದೇ.

೧೯೯೫ರಿಂದ ಕೆಲವು ವರ್ಷಗಳ ಕಾಲ ಫ್ರೆಂಚ್ ಮತ್ತು ಇಂಡೋನೇಶಿಯಾದ ವಿದ್ವಾಂಸರು ಕೂಡಿ ಲೋಬು ತುವಾದಲ್ಲಿ ಉತ್ಖನನ ನಡೆಸಿದರು. ಒಂಬತ್ತನೆಯ ಶತಮಾನದ ನಡುಭಾಗದಿಂದ ಹನ್ನೊಂದನೆಯ ಶತಮಾನದ ಕೊನೆಯವರೆಗೆ ಅಲ್ಲಿ ವ್ಯಾಪಾರದ ನೆಲೆಯಿದ್ದುದು ಖಚಿತವಾಯಿತು. ಚೀನದ ಪಿಂಗಾಣಿ, ಪಶ್ಚಿಮ ಏಷ್ಯಾದ ಗಾಜು, ದಕ್ಷಿಣ ಭಾರತದ ಮಣ್ಣಿನ ಪಾತ್ರೆಗಳ ಚೂರುಗಳು ಒಂದೇ ನೆಲದಲ್ಲಿ ದೊರೆತವು. ಪಾತ್ರೆಗಳಿದ್ದವೆಂದರೆ ಒಲೆ ಉರಿದಿತ್ತು, ಅಡುಗೆ ನಡೆದಿತ್ತು. ವರ್ತಕರು ಬಂದು ಹೋಗುವ ಪ್ರಯಾಣಿಕರಾಗಿಯೇ ಉಳಿಯದೆ ಅಲ್ಲಿ ಸಂಸಾರ ಹೂಡಿದ್ದರೆಂಬುದು ಇದರಿಂದ ವಿದಿತವಾಗುತ್ತದೆ.

ಗಾಳಿ ತಿರುಗುವವರೆಗೆ

ಹಾಯಿಹಡಗಿನ ಕಾಲದ ವ್ಯಾಪಾರಯಾತ್ರೆಯು ದೀರ್ಘವಾಗುವುದಕ್ಕೆ ಮುಖ್ಯ ಕಾರಣ ಮಾರುತಗಳು. ನೈಋತ್ಯ ಮಾರುತವು ಹಡಗನ್ನು ಪೂರ್ವಕ್ಕೆ ಒಯ್ಯುತ್ತದೆ. ಹಿಂದಿರುಗಲು ಈಶಾನ್ಯ ಮಾರುತ ಬೀಸಬೇಕು. ನಮ್ಮಲ್ಲಿ ಮುಂಗಾರು, ಹಿಂಗಾರು ಎಂದು ರೈತನು ಕಾಯುವಂತೆಯೇ ಅಲ್ಲಿ ವರ್ತಕನೂ ಕಾಯುತ್ತಿದ್ದನು. ಗಾಳಿ ತಪ್ಪಿದರೆ ಮುಂದಿನ ವರ್ಷದವರೆಗೆ ಅಲ್ಲಿಯೇ ವಾಸ. ಆ ಬಿಡುವಿನಲ್ಲಿ ದ್ವೀಪವನ್ನು ತಿಳಿದುಕೊಳ್ಳದೆ ಅವನಿಗೆ ಗತ್ಯಂತರವಿರಲಿಲ್ಲ. ಯಾವ ಹೊಳೆಯ ನೀರು ಕುಡಿಯಲು ಯೋಗ್ಯ, ಯಾವ ಕಾಡಿನಿಂದ ಯಾರು ಸರಕು ತರುತ್ತಾರೆ, ಅವರ ಹಬ್ಬ ಯಾವುದು, ಅವರು ಯಾವುದನ್ನು ಅಶುಭವೆಂದು ಎಣಿಸುತ್ತಾರೆ ಎಂಬುದನ್ನೆಲ್ಲ ಅರಿತವನೇ ಒಳ್ಳೆಯ ವ್ಯಾಪಾರಿಯಾಗುತ್ತಿದ್ದನು.

ಸುಮಾತ್ರದ ಕರ್ಪೂರವೇ ಇದಕ್ಕೆ ತಕ್ಕ ನಿದರ್ಶನ. ನಾವು ಇಂದು ಬೆಳಗುವ ಕರ್ಪೂರದ ಹೆಚ್ಚಿನ ಪಾಲು ಟರ್ಪೆಂಟೈನ್ ಎಣ್ಣೆಯಿಂದ ಕಾರ್ಖಾನೆಗಳಲ್ಲಿ ತಯಾರಾಗುತ್ತದೆ. ಚೀನ, ತೈವಾನ್, ಜಪಾನುಗಳ ಕರ್ಪೂರವು ದಾಲ್ಚಿನ್ನಿಯ ಜಾತಿಗೆ ಸೇರಿದ ಮರದ ಚಕ್ಕೆಗಳನ್ನು ಬೇಯಿಸಿ ಇಳಿಸಿದುದು. ಬಾರೂಸಿನದು ಇವೆರಡಕ್ಕಿಂತ ಬೇರೆ. ನಮ್ಮ ಗಂಧಿಗೆ ಅಂಗಡಿಗಳಲ್ಲಿ ಭೀಮಸೇನಿ ಕರ್ಪೂರವೆಂದು ಹೆಸರಾದುದು ಈ ಬಗೆಯದು. ಇದರ ಮರ ೬೦ ಮೀಟರಿಗೂ ಮಿಗಿಲಾಗಿ ಬೆಳೆಯಬಲ್ಲದು. ಗೋಕಾಕದ ಜಲಪಾತದ ಎತ್ತರ ೫೨ ಮೀಟರು. ಧಾರೆ ಧುಮ್ಮಿಕ್ಕುವ ಆ ಬಂಡೆಗಿಂತಲೂ ಎತ್ತರದ ಮರಗಳು ದಟ್ಟವಾಗಿ ನಿಂತಿರುವ ಕಾಡನ್ನು ನಮ್ಮ ಸೀಮೆಯವರು ಊಹಿಸಿಕೊಳ್ಳಬಹುದು. ಹಳೆಯ ಮರದ ಕಾಂಡದೊಳಗಿನ ಬಿರುಕುಗಳಲ್ಲಿ ಬಿಳಿಯ ಹರಳುಗಳಾಗಿ ಕರ್ಪೂರ ಕಟ್ಟಿಕೊಂಡಿರುತ್ತದೆ. ಎಲ್ಲ ಮರಗಳಲ್ಲಿಯೂ ಅದು ಇರುವುದಿಲ್ಲ. ಕಡಿದು ಸೀಳಿದ ಮೇಲೆ ಬರಿಗೈಯಾಗುವುದೇ ಹೆಚ್ಚು.

ಯಾವ ಮರದಲ್ಲಿ ಹರಳಿದೆ ಎಂಬ ಅರಿವು ಕಾಡಿನ ಜನರದು. ಕರ್ಪೂರ ಅರಸಲು ಹೊರಟ ದಿನಗಳಲ್ಲಿ ಅವರು ಆಹಾರ ವಿಹಾರಗಳ ನಿಯಮ ಹಿಡಿಯುತ್ತಿದ್ದರು. ಕರ್ಪೂರವೆಂಬ ಮಾತನ್ನೇ ಬಾಯಿಗೆ ತಾರದೆ ಆ ಕೆಲಸಕ್ಕೆಂದೇ ಮೀಸಲಾದ ಬೇರೆ ನುಡಿಗಳನ್ನು ಆಡುತ್ತಿದ್ದರು. ಮಲಯ ಪರ್ಯಾಯದ್ವೀಪದಲ್ಲಿಯೂ ಇಂಥದೇ ಕಟ್ಟಳೆಯಿದ್ದುದನ್ನು ವಿದ್ವಾಂಸರು ದಾಖಲಿಸಿದ್ದಾರೆ. ವ್ರತ ಹಿಡಿದು ದೇವರ ಕೆಲಸಕ್ಕೆ ಹೊರಡುವ ನಮ್ಮ ಜನಕ್ಕೆ ಇದು ಅಪರಿಚಿತವೆನಿಸದು. ೧೩ನೆಯ ಶತಮಾನದ ಕೊನೆಗೆ ಆ ದ್ವೀಪವನ್ನು ಮುಟ್ಟಿದ ಮಾರ್ಕೋ ಪೋಲೋ, ಫನ್ಸೂರಿನ ಕರ್ಪೂರವು ತೂಕಕ್ಕೆ ತೂಕ ಬಂಗಾರಕ್ಕೆ ಮಾರಾಟವಾಗುತ್ತದೆಂದು ಹೇಳಿದ್ದಾನೆ. ಫನ್ಸೂರೆಂಬುದು ಬಾರೂಸ್ ಸೀಮೆಗೆ ವಿದೇಶಿಯರು ಬಳಸುತ್ತಿದ್ದ ಹೆಸರು. ದೇವರ ಮುಂದೆ ಒಂದು ಕ್ಷಣ ಉರಿದು ಕರಗುವ ಆ ಬಿಳಿಯ ಚೂರಿನ ಹಿಂದೆ ಕಾಡಿನ ಮನುಷ್ಯನ ವ್ರತ, ನಾವಿಕನ ಧೈರ್ಯ, ವರ್ತಕನ ತಾಳ್ಮೆ ಮೂರೂ ಕೂಡಿದ್ದವು.

ಸಿಂಹಳದಲ್ಲಿ

ನಮಗೆ ಇನ್ನೂ ಸಮೀಪದ ದ್ವೀಪವಾದ ಸಿಂಹಳದಲ್ಲಿಯೂ ಐನೂರ್ವರ ಶಾಸನಗಳಿವೆ. ವಾಹಲ್ಕಡ, ವಿಹಾರೆಹಿನ್ನ ಮುಂತಾದ ಕಡೆಗಳಲ್ಲಿ ಅವು ದೊರೆತಿವೆ. ಪೊಲನ್ನರುವದ ಹನ್ನೆರಡನೆಯ ಶತಮಾನದ ಶಾಸನವೊಂದು ಬುದ್ಧನ ದಂತಧಾತುವಿನ ಆಲಯದ ರಕ್ಷಣೆಯ ಹೊಣೆಯನ್ನು ವೇಳೈಕ್ಕಾರ ಸೈನಿಕರು ವಹಿಸಿಕೊಂಡ ಸಂಗತಿಯನ್ನು ಹೇಳುತ್ತದೆ. ಆ ಸಂದರ್ಭದಲ್ಲಿ ಅವರು ತಮ್ಮ ಹಿರಿಯರೆಂದು ಕರೆಯಿಸಿಕೊಂಡದ್ದು ವಲಂಜಿಯರೆಂಬ ವರ್ತಕರನ್ನು. ಅನ್ಯಧರ್ಮದ ಪೂಜ್ಯಸ್ಥಾನವನ್ನು ಕಾಯುವ ಮಾತಿಗೆ ವರ್ತಕರು ಸಾಕ್ಷಿಯಾಗಿ ನಿಂತದ್ದು ಗಮನಾರ್ಹ.

ಅರಸರ ಮಟ್ಟದಲ್ಲಿಯೂ ಈ ನಂಟು ಇತ್ತು. ಸಿಂಹಳದ ಇತಿಹಾಸಗ್ರಂಥವಾದ ಚೂಳವಂಸವು ಅಲ್ಲಿಯ ಒಂದನೆಯ ವಿಜಯಬಾಹುವಿಗೂ ಕರ್ಣಾಟದ ಅರಸನಿಗೂ ದೂತರು, ಕಾಣಿಕೆಗಳು ಓಡಾಡಿದುದನ್ನು ಹೇಳುತ್ತದೆ. ಸಿಂಹಳದ ದೂತರು ಕರ್ಣಾಟಕ್ಕೆ ಬರುವ ಹಾದಿಯಲ್ಲಿ ಚೋಳರ ನೆಲದಲ್ಲಿ ಸಿಕ್ಕಿ ಕಿವಿಮೂಗುಗಳನ್ನು ಕಳೆದುಕೊಂಡರೆಂಬ ದಾರುಣ ಸಂಗತಿಯೂ ಅದರಲ್ಲಿದೆ. ಹಾದಿ ಎಷ್ಟು ಕಠಿಣವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಡಿದ ಹಡಗಿನ ಸರಕನ್ನೆಲ್ಲ ಅರಸರು ಕಿತ್ತುಕೊಳ್ಳುವ ಪದ್ಧತಿಯೂ ಇತ್ತು. ಕಾಕತೀಯ ಗಣಪತಿದೇವನು ೧೨೪೪ರ ಸುಮಾರಿಗೆ ಮೋಟುಪಲ್ಲಿ ಬಂದರಿನಲ್ಲಿ ಅಭಯಶಾಸನ ಹಾಕಿಸಿ, ಗೊತ್ತುಮಾಡಿದ ಸುಂಕದ ಹೊರತು ಬೇರೇನನ್ನೂ ತೆಗೆದುಕೊಳ್ಳುವುದಿಲ್ಲವೆಂದು ಸಾರಿದನು. ಪ್ರಾಣಕ್ಕಿಂತ ಧನವನ್ನೇ ಹೆಚ್ಚೆಂದು ನಂಬಿ ಕಡಲಿಗಿಳಿದವರ ಮೇಲೆ ಕನಿಕರ ತೋರುವುದು ಅರಸನ ಧರ್ಮವೆಂಬುದು ಆ ಶಾಸನದ ಆಶಯ.

ಉಳಿದ ಗುರುತುಗಳು

ಬಾರೂಸಿನಿಂದ ಒಳನಾಡಿಗೆ ಹೋದರೆ ಬೆಟ್ಟಗಳ ನಡುವೆ ತೋಬಾ ಎಂಬ ಮಹಾಸರೋವರವಿದೆ. ಅದರ ಉತ್ತರದ ಎತ್ತರದ ಸೀಮೆಯಲ್ಲಿ ಕಾರೋ ಎಂಬ ಜನರಿದ್ದಾರೆ. ಅವರಲ್ಲಿ ಸೆಂಬಿರಿಂಗ್ ಎಂಬ ಕುಲದೊಳಗೆ ಚೋಲಿಯಾ, ಪಾಂಡಿಯಾ, ಮೆಲಿಯಾಲಾ, ಬ್ರಹ್ಮಾಣಾ ಎಂಬ ಬಳಿಗಳುಂಟು. ಚೋಳ, ಪಾಂಡ್ಯ, ಮಲೆಯಾಳ ದೇಶಗಳ ಹೆಸರುಗಳು ಕೇಳಿದೊಡನೆ ಗುರುತು ಸಿಗುವಂತಿವೆ. ದಕ್ಷಿಣ ಭಾರತದಿಂದ ಹೋದವರಲ್ಲಿ ಕೆಲವರು ಗಾಳಿ ತಿರುಗಿದ ಮೇಲೂ ಹಿಂದಿರುಗದೆ ಅಲ್ಲಿಯ ಮನೆಗಳ ಅಳಿಯಂದಿರಾಗಿ, ಅಲ್ಲಿಯವರೇ ಆಗಿ ಬೆರೆತುಹೋದರೆಂದು ವಿದ್ವಾಂಸರು ಊಹಿಸುವುದಕ್ಕೆ ಇದೇ ಆಧಾರ.

ಭಾಷೆಯೂ ಸಾಕ್ಷಿ ನುಡಿಯುತ್ತದೆ. ಇಂಡೋನೇಶಿಯಾದ ನುಡಿಯಲ್ಲಿ ಭಾಷೆಗೆ 'ಬಹಾಸಾ', ಉಪವಾಸಕ್ಕೆ 'ಪುವಾಸಾ', ಹತ್ತಿಗೆ 'ಕಾಪಾಸ್', ಪಟ್ಟಣಕ್ಕೆ 'ಕೋತಾ', ಬೆಲೆಗೆ 'ಹರ್ಗಾ' ಎನ್ನುತ್ತಾರೆ. ಕಾರ್ಪಾಸ, ಕೋಟೆ, ಅರ್ಘಗಳನ್ನು ಬಲ್ಲವರಿಗೆ ವಿವರಣೆ ಬೇಡ. ದಕ್ಷಿಣ ಭಾರತದಿಂದ ಆ ದ್ವೀಪಗಳಿಗೆ ಹೋಗುತ್ತಿದ್ದ ಮುಖ್ಯ ಸರಕು ಹತ್ತಿಬಟ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಲಪಾತದ ಬಲದಿಂದ ನೂಲಿನ ಗಿರಣಿ ನಡೆಸಿದ ಗೋಕಾಕದವರಿಗೆ ಹತ್ತಿಯ ಹೆಸರು ಅಷ್ಟು ದೂರ ನಡೆದುಹೋದುದು ಸಂತೋಷದ ಸಂಗತಿಯೇ ಸರಿ.

ಬೇರೊಂದು ಬಗೆಯ ವ್ಯಾಪಾರ

ಐನೂರ್ವರನ್ನು ಸಾಧುಸಂತರೆಂದು ಬಣ್ಣಿಸುವುದು ಈ ಲೇಖನದ ಉದ್ದೇಶವಲ್ಲ. ಅವರು ಲಾಭಕ್ಕಾಗಿಯೇ ಹೋದವರು; ಅವರ ಬಳಿ ಆಯುಧಗಳಿದ್ದವು. ೧೦೨೫ರಲ್ಲಿ ರಾಜೇಂದ್ರ ಚೋಳನ ನೌಕಾಪಡೆ ಶ್ರೀವಿಜಯದ ಬಂದರುಗಳ ಮೇಲೆ ದಾಳಿ ನಡೆಸಿದ ಮೇಲೆಯೇ ಬಾರೂಸಿನ ಕಲ್ಲು ನಿಂತದ್ದೆಂಬುದನ್ನೂ ನೆನೆಯಬೇಕು. ಆದರೂ ಅವರ ನಡಾವಳಿಯ ತೂಕ ತಿಳಿಯಬೇಕಾದರೆ ಅದೇ ದ್ವೀಪಸಮೂಹದಲ್ಲಿ ಮುಂದೆ ನಡೆದ ಒಂದು ಘಟನೆಯನ್ನು ಎದುರಿಗಿಟ್ಟು ನೋಡಬೇಕು.

ಜಾಜಿಕಾಯಿ ಬೆಳೆಯುವ ಬಾಂದಾ ದ್ವೀಪಗಳ ಜನರು ಜಾವಾ, ಮಲಯ, ಅರಬ್ ಮೊದಲಾದ ಎಲ್ಲ ವರ್ತಕರಿಗೂ ತಮ್ಮ ಬೆಳೆಯನ್ನು ಮಾರುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯು ತನಗೊಬ್ಬನಿಗೇ ಮಾರಬೇಕೆಂದು ಹಟ ಹಿಡಿಯಿತು. ೧೬೨೧ರಲ್ಲಿ ಯಾನ್ ಪೀಟರ್‌ಸೂನ್ ಕೂನ್ ಎಂಬ ಅಧಿಕಾರಿ ಹಡಗುಗಳನ್ನೂ ತೋಪುಗಳನ್ನೂ ತಂದು ಆ ದ್ವೀಪಗಳನ್ನು ಗೆದ್ದನು. ಸಾವಿರಾರು ಜನರಿದ್ದ ಆ ಪುಟ್ಟ ನಾಡಿನಲ್ಲಿ ಬಹುಪಾಲು ಜನ ಕೊಲೆಯಾದರು, ಹಸಿದು ಸತ್ತರು, ಗುಲಾಮರಾಗಿ ಸಾಗಿಹೋದರು, ಇಲ್ಲವೆ ಓಡಿಹೋದರು. ಮರಗಳು ಉಳಿದವು, ಅವನ್ನು ನೆಟ್ಟು ಬೆಳೆಸಿದವರು ಉಳಿಯಲಿಲ್ಲ. ತೋಟಗಳ ಕೆಲಸಕ್ಕೆ ಬೇರೆಡೆಗಳಿಂದ ಗುಲಾಮರನ್ನು ತರಿಸಲಾಯಿತು. ಅದೇ ಸಮೂಹದ ರುನ್ ಎಂಬ ಚಿಕ್ಕ ದ್ವೀಪಕ್ಕಾಗಿ ಡಚ್ಚರೂ ಇಂಗ್ಲಿಷರೂ ಕಾದಾಡಿದರು. ೧೬೬೭ರ ಬ್ರೆಡಾ ಒಪ್ಪಂದದಂತೆ ರುನ್ ಡಚ್ಚರ ಪಾಲಾಗಿ, ಇಂದು ನ್ಯೂಯಾರ್ಕ್ ನಗರದ ಹೃದಯವಾಗಿರುವ ಮ್ಯಾನ್‌ಹಟನ್ ದ್ವೀಪ ಇಂಗ್ಲಿಷರ ಕೈಯಲ್ಲಿ ಉಳಿಯಿತು.

ಒಂದೇ ಸಮುದ್ರ, ಒಂದೇ ಬಗೆಯ ಸರಕು, ಎರಡು ಬಗೆಯ ವರ್ತಕರು. ಒಬ್ಬರು ಸಭೆ ಸೇರಿ ತಮ್ಮವರ ಮೇಲೆಯೇ ಕಟ್ಟಳೆ ವಿಧಿಸಿಕೊಂಡು ದಯೆಯನ್ನು ಮರೆಯಬೇಡಿರೆಂದು ಕಲ್ಲಿನಲ್ಲಿ ಬರೆಯಿಸಿದರು. ಇನ್ನೊಬ್ಬರು ಮಾರುವವನನ್ನೇ ಅಳಿಸಿ ಸರಕನ್ನು ತಮ್ಮದಾಗಿಸಿಕೊಂಡರು. ನಾಲ್ಕುನೂರು ವರ್ಷ ಕಳೆದರೂ ಬಾಂದಾದ ಜನ ಆ ದುರಂತವನ್ನು ನೆನೆಯುತ್ತಾರೆ. ಐನೂರ್ವರ ನೆನಪಾದರೋ ಅಲ್ಲಿಯ ಬಳಿಗಳ ಹೆಸರಿನಲ್ಲಿ, ಅಲ್ಲಿಯ ನುಡಿಯಲ್ಲಿ ಕಹಿಯಿಲ್ಲದೆ ಬೆರೆತುಕೊಂಡಿದೆ.

ನಮ್ಮ ಮನೆಗಳಿಗೆ

ದೀರ್ಘವಾದ ವ್ಯಾಪಾರಯಾತ್ರೆಯು ನಮ್ಮ ಪರಂಪರೆಗೆ ಹೊಸದಲ್ಲ. ಸೌರಾಷ್ಟ್ರದ ಆದಯ್ಯನು ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದು ನಿಂತ ಕಥೆಯನ್ನು ರಾಘವಾಂಕನು ಕಾವ್ಯವಾಗಿಸಿದ್ದಾನೆ. ಇಂದು ಲಕ್ಷ್ಮೇಶ್ವರವೆನಿಸಿಕೊಂಡಿರುವ ಆ ಊರಿನಲ್ಲಿ ಪರದೇಶಿ ವರ್ತಕನೊಬ್ಬನು ಶರಣನಾದನು, ವಚನಕಾರನಾದನು. ನದಿ ದಾಟಿಸುವ ಅಂಬಿಗರ ಚೌಡಯ್ಯನಿಗೂ ಸುಂಕ ವಸೂಲು ಮಾಡುವ ಸುಂಕದ ಬಂಕಣ್ಣನಿಗೂ ಶರಣರ ಗೋಷ್ಠಿಯಲ್ಲಿ ಸ್ಥಾನವಿತ್ತು. ಹಾದಿ, ಹೊಳೆ, ಸುಂಕ, ಸರಕುಗಳೆಲ್ಲವೂ ಕಾಯಕದ ಕ್ಷೇತ್ರಗಳೆಂದು ಬಗೆದ ಪರಂಪರೆ ಇದು. ಹೊರಗಿನಿಂದ ಬಂದವನನ್ನು ನಾವು ಹಾಗೆ ಬರಮಾಡಿಕೊಂಡಿರುವಾಗ, ನಾವು ಹೊರಗೆ ಹೋದಾಗ ಹೇಗಿರಬೇಕೆಂಬುದನ್ನು ಬೇರೆಯವರು ಕಲಿಸಬೇಕಾಗಿಲ್ಲ.

ಇಂದಿನ ಪ್ರಯಾಣಿಕನಿಗೆ ಗಾಳಿಗಾಗಿ ಕಾಯುವ ಕಷ್ಟವಿಲ್ಲ. ವಿಮಾನವು ಕೆಲವೇ ಗಂಟೆಗಳಲ್ಲಿ ಅವನನ್ನು ಜಕಾರ್ತಕ್ಕೆ ಮುಟ್ಟಿಸುತ್ತದೆ. ಆದರೆ ಆರು ತಿಂಗಳು ಅಲ್ಲಿದ್ದು ಹಿಂದಿರುಗಿದವನನ್ನು ಊರಿನ ಹಿರಿಯರು ಅಲ್ಲಿಯ ಜನರ ಬಗೆಗೆ ವಿಚಾರಿಸಿದರೆ, ಕಛೇರಿ ಮತ್ತು ವಸತಿಗೃಹದ ಆಚೆಗೆ ಹೇಳಲು ಮಾತೇ ಇಲ್ಲದಂತಾಗುವುದುಂಟು. ಬಿಡುವಿನ ದಿನವೆಲ್ಲ ಕೈಯಲ್ಲಿನ ಮೊಬೈಲಿಗೆ ಮೀಸಲಾದರೆ ದ್ವೀಪಕ್ಕೆ ಹೋಗಿಯೂ ಹೋಗದಂತೆಯೇ. ಹೋದವರು ಅಲ್ಲಿಯ ಹತ್ತು ನುಡಿಗಳನ್ನಾದರೂ ಕಲಿಯಬೇಕು. ಅಲ್ಲಿಯ ಸಂತೆಗೆ ಕಾಲ್ನಡೆಯಿಂದ ಹೋಗಿ ಯಾವ ಪದಾರ್ಥ ಎಲ್ಲಿಯದೆಂದು ಕೇಳಬೇಕು. ತಮ್ಮ ಕೈಕೆಳಗಿನ ಕೆಲಸಗಾರರ ಮನೆ ಮಕ್ಕಳ ಕ್ಷೇಮ ವಿಚಾರಿಸಬೇಕು. ಕೊಟ್ಟ ಮಾತನ್ನು ಊರಿನಲ್ಲಿ ನಡೆಸುವಂತೆಯೇ ಅಲ್ಲಿಯೂ ನಡೆಸಬೇಕು. ಜಕಾರ್ತಕ್ಕೆ ಹೋಗುವ ಅವಕಾಶವುಳ್ಳವರು ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಬಾರೂಸಿನ ಶಾಸನವನ್ನು ವಿಚಾರಿಸಬೇಕು. ಅಯ್ಯಾವೊಳೆಯ ನೆರೆಯ ಸೀಮೆಯಿಂದ ಬಂದವರೆಂದು ಹೇಳಿಕೊಳ್ಳಲು ಸಂಕೋಚಪಡಬೇಕಾಗಿಲ್ಲ.

ಊರಿನಲ್ಲಿ ಉಳಿದವರಿಗೂ ಒಂದು ಕರ್ತವ್ಯವಿದೆ. ನಮ್ಮ ಹಳ್ಳಿಗಳ ಗುಡಿಯ ಅಂಗಳಗಳಲ್ಲಿ, ಕೆರೆಯ ಏರಿಗಳಲ್ಲಿ, ಹೊಲಗಳ ಬದುವಿನಲ್ಲಿ ಶಾಸನಶಿಲೆಗಳು ಬಿದ್ದಿರುತ್ತವೆ. ಭಕ್ತಿಯಿಂದಲೇ ಎಣ್ಣೆ ಸುರಿದು, ಬಣ್ಣ ಬಳಿದು, ಸುಣ್ಣ ಹಚ್ಚಿ ಅಕ್ಷರಗಳನ್ನು ಮುಚ್ಚುವವರುಂಟು. ಬಟ್ಟೆ ಒಗೆಯುವ ಕಲ್ಲಾಗಿ, ಜೀರ್ಣೋದ್ಧಾರದಲ್ಲಿ ಮೆಟ್ಟಿಲಾಗಿ ಹೋದವುಗಳೂ ಉಂಟು. ಐನೂರ್ವರ ಯಾತ್ರೆಯ ವಿಷಯ ನಮಗೆ ತಿಳಿದಿರುವುದು ಇಂಥ ಕಲ್ಲುಗಳಿಂದ ಮಾತ್ರ. ಅವರು ದಿನಚರಿಗಳನ್ನು ಬರೆದಿಡಲಿಲ್ಲ. ಅವರ ಲೆಕ್ಕದ ಓಲೆಗಳು ಉಳಿಯಲಿಲ್ಲ. ಒಂದು ಕಲ್ಲು ಅಳಿದರೆ ಒಂದು ಪೇಟೆಯ, ಒಂದು ಹಾದಿಯ, ಒಂದು ಸಭೆಯ ನೆನಪು ಸಂಪೂರ್ಣವಾಗಿ ಅಳಿಯುತ್ತದೆ. ಊರಿನ ತರುಣ ಸಂಘಗಳು, ಅಕ್ಕನ ಬಳಗಗಳು ತಮ್ಮ ಊರಿನ ಕಲ್ಲುಗಳನ್ನು ಗುರುತಿಸಿ, ನೀರಿನಿಂದ ಮೆಲ್ಲನೆ ತೊಳೆದು, ನೆರಳಿನಲ್ಲಿ ನಿಲ್ಲಿಸಿ, ಛಾಯಾಚಿತ್ರ ತೆಗೆಯಿಸಿ, ಪುರಾತತ್ತ್ವ ಇಲಾಖೆಗೂ ವಿಶ್ವವಿದ್ಯಾಲಯಗಳ ವಿದ್ವಾಂಸರಿಗೂ ತಿಳಿಸಿದರೆ ಸಾಕು. ಇದಕ್ಕೆ ಹಣ ಬೇಡ, ಆಸ್ಥೆ ಬೇಕು.

ದೂರದ ನಾಡಿಗೆ ಹೊರಡುವ ಮಕ್ಕಳಿಗೆ ತಾಯಂದಿರು ಚಟ್ನಿಪುಡಿ, ರೊಟ್ಟಿ, ಕರದಂಟುಗಳ ಬುತ್ತಿ ಕಟ್ಟುತ್ತಾರೆ. ಬುತ್ತಿ ನಾಲ್ಕು ದಿನಕ್ಕೆ ತೀರುತ್ತದೆ. ಅದರ ಜೊತೆಗೆ, ಸಾವಿರ ವರ್ಷಗಳ ಹಿಂದೆ ಬಾರೂಸಿನಲ್ಲಿ ಕಲ್ಲು ನಿಲ್ಲಿಸಿದ ವರ್ತಕರು ತಮ್ಮವರಿಗೆ ಹೇಳಿದ ಆ ಕಡೆಯ ಮಾತನ್ನೂ ಕಟ್ಟಿಕೊಟ್ಟರೆ ಅದು ಎಷ್ಟು ದೂರ ಹೋದರೂ, ಎಷ್ಟು ಕಾಲ ನಿಂತರೂ ಸಾಲುತ್ತದೆ.